ಮೇಷ್ಟ್ರ ಅಂಚೆಡಬ್ಬಿ: ಲೇತ್ ಬಂತು, ಕರೆಂಟ್ ಬರಲಿಲ್ಲ

ಈ ಸಲ ಬಂದ ಪತ್ರಗಳೆಲ್ಲ ಒಂದೇ ದಿಕ್ಕಿನವು. ಜೂನ್ ತಿಂಗಳಲ್ಲವೇ, ಮಕ್ಕಳನ್ನು ಒಂಬತ್ತನೇ ಕ್ಲಾಸಿಗೆ ಸೇರಿಸುವ ಹೊತ್ತು; ಹೈಸ್ಕೂಲಿನ ವೃತ್ತಿ ಶಿಕ್ಷಣ ಅಂದರೇನು, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ, ಅದು ಸಿಗುತ್ತದೋ ಇಲ್ಲವೋ ಎಂದು ಕೇಳಿದ್ದೀರಿ. ತೀರ್ಥಹಳ್ಳಿ ಕಡೆ ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿಲ್ಲ. ತೋಟಕ್ಕೆ ಔಷಧಿ ಹೊಡೆಯುವ ಹಾಗಿಲ್ಲ, ಹೊರಗೆ ಕಾಲಿಡುವ ಹಾಗಿಲ್ಲ. ಕೂತು ಉತ್ತರ ಬರೆದಿದ್ದೇನೆ. ಮೂವತ್ತು ವರ್ಷ ಫಿಟ್ಟಿಂಗ್ ವಿಭಾಗದಲ್ಲಿ ಹುಡುಗರ ಕೈಗೆ ಅರ ಕೊಟ್ಟು ಕಬ್ಬಿಣ ಉಜ್ಜಿಸಿದವನು ನಾನು. ಮಾತು ಎಲ್ಲಾದರೂ ಒರಟಾದರೆ ಅದು ಸಹವಾಸ ದೋಷ.

*ನಮ್ಮೂರ ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಬದಲು ಐಟಿ ವಿಷಯ ತಗೊಳ್ಳಬಹುದು ಅಂತ ಹೆಡ್ ಮೇಷ್ಟ್ರು ಹೇಳಿದರು. ಮಗಳಿಗೆ ಆಸೆ ಇದೆ. ನಮ್ಮ ಭಾವನವರು ಮಾತ್ರ "ಅದು ದಡ್ಡರಿಗೆ ಇಟ್ಟ ಸಬ್ಜೆಕ್ಟು, ಸುಮ್ಮನೆ ಹಿಂದಿ ಓದಲಿ" ಅಂತಾರೆ. ಏನು ಮಾಡಲಿ ಮೇಷ್ಟ್ರೆ?*
— ಒಬ್ಬ ತಾಯಿ, ಹೊಸನಗರ ತಾಲ್ಲೂಕು

ತಾಯಿ, ಭಾವನವರಿಗೆ ನನ್ನ ನಮಸ್ಕಾರ ಹೇಳಿ. ಅವರ ಮಾತು ನನಗೆ ಹೊಸದಲ್ಲ. ನನ್ನಪ್ಪ ಭದ್ರಾವತಿ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದರು. ಮನೆಗೆ ಬಂದ ನೆಂಟರು "ಮಗನನ್ನಾದರೂ ಓದಿಸು" ಅನ್ನುತ್ತಿದ್ದರು, ಅಪ್ಪ ಮಾಡುತ್ತಿದ್ದ ಕೆಲಸಕ್ಕೆ ಓದೇ ಬೇಡವೇನೋ ಎಂಬಂತೆ. ಎರಡು ಕಡೆ ಅಳತೆ ತಪ್ಪದೆ ಅಚ್ಚು ಕೆತ್ತಬೇಕಾದರೆ ಎಷ್ಟು ಲೆಕ್ಕ ಗೊತ್ತಿರಬೇಕು ಅಂತ ಆ ನೆಂಟರಿಗೆ ಯಾರು ಹೇಳಬೇಕು.

ವಿಷಯಕ್ಕೆ ಬರೋಣ. ಎನ್‌ಎಸ್‌ಕ್ಯೂಎಫ್ ಎನ್ನುವ ರಾಷ್ಟ್ರೀಯ ಕೌಶಲ ಅರ್ಹತೆಗಳ ಚೌಕಟ್ಟು 2013ರ ಡಿಸೆಂಬರಿನಲ್ಲಿ ಬಂತು. ಅದರ ಪ್ರಕಾರ ನಮ್ಮ ರಾಜ್ಯದ ಆಯ್ದ ಸರ್ಕಾರಿ ಹೈಸ್ಕೂಲುಗಳಲ್ಲಿ ಐಟಿ, ರೀಟೇಲ್, ಆಟೋಮೊಬೈಲ್, ಹೆಲ್ತ್ ಕೇರ್, ಬ್ಯೂಟಿ ಅಂಡ್ ವೆಲ್ನೆಸ್ ಇಂಥ ವಿಷಯಗಳನ್ನು ತೃತೀಯ ಭಾಷೆಯ ಜಾಗದಲ್ಲಿ ಇಟ್ಟಿದ್ದಾರೆ. ಒಂಬತ್ತು, ಹತ್ತು ಎರಡೂ ವರ್ಷ ಅದನ್ನೇ ಓದಬೇಕು. ಬರೆಯುವ ಪರೀಕ್ಷೆಯ ಜೊತೆ ಮಾಡಿ ತೋರಿಸುವ ಪರೀಕ್ಷೆಯೂ ಇರುತ್ತದೆ. ಪಿಯುಸಿಗೆ ಸೇರಲು ಇದರಿಂದ ಯಾವ ಅಡ್ಡಿಯೂ ಇಲ್ಲ, ಸೈನ್ಸ್ ಬೇಕಾದರೂ ತಗೊಳ್ಳಲಿ, ಕಾಮರ್ಸ್ ಬೇಕಾದರೂ ತಗೊಳ್ಳಲಿ. ಹಿಂದಿ ಬೇಕೆನಿಸಿದರೆ ಆಮೇಲೆ ಕಲಿಯುತ್ತಾಳೆ. ಬೆಂಗಳೂರಲ್ಲಿ ಎರಡು ವರ್ಷ ಇದ್ದರೆ ತಾನಾಗಿ ಬರುತ್ತದೆ.

ಆದರೆ ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. ಲ್ಯಾಬಿನ ಬಾಗಿಲು ತೆಗೆಸಿ ಒಳಗೆ ಹೋಗಿ. ಕಂಪ್ಯೂಟರ್ ಎಷ್ಟಿವೆ ಅಂತ ಎಣಿಸಬೇಡಿ, ಎಣಿಕೆ ರಿಜಿಸ್ಟರಿನಲ್ಲೇ ಇರುತ್ತದೆ. ಕೀಬೋರ್ಡ್ ನೋಡಿ. ಅಕ್ಷರ ಮಾಸಿದೆಯೇ? ಮಾಸಿದ್ದರೆ ಮಕ್ಕಳು ಮುಟ್ಟಿದ್ದಾರೆ ಅಂತ ಅರ್ಥ. ಪ್ಲಾಸ್ಟಿಕ್ ಕವರೇ ತೆಗೆಯದೆ ಮೇಲೆ ಧೂಳು ಕೂತಿದ್ದರೆ ನಿಮ್ಮ ಭಾವನವರ ಮಾತೇ ಸರಿ, ಹಿಂದಿ ಓದಿಸಿ. ಆಟೋಮೊಬೈಲ್, ಎಲೆಕ್ಟ್ರಾನಿಕ್ಸ್ ಇರುವ ಶಾಲೆಯಾದರೆ ಹಿತ್ತಿಲಲ್ಲಿ ಗುಜರಿ ರಾಶಿ ಇದೆಯೇ ನೋಡಿ. ಮಕ್ಕಳು ಕಲಿಯುವ ಕಡೆ ಸಾಮಾನು ಹಾಳಾಗಲೇಬೇಕು. ಏನೂ ಹಾಳಾಗದೆ ಫಳಫಳ ಅನ್ನುವ ವರ್ಕ್‌ಶಾಪು ಎಂದರೆ ಅಲ್ಲಿ ಪಾಠ ನಡೆದಿಲ್ಲ. ಹಾಗೇ ಹೆಡ್ ಮೇಷ್ಟ್ರನ್ನು ಕೇಳಿ: ಹೋದ ವರ್ಷ ತರಬೇತುದಾರರು ಶಾಲೆಗೆ ಬಂದದ್ದು ಯಾವ ತಿಂಗಳಿಂದ? ಜೂನ್ ಅಂದರೆ ಒಳ್ಳೆಯದು. ಅಕ್ಟೋಬರ್ ಅಂದರೆ ಯೋಚನೆ ಮಾಡಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ನಾನಿದ್ದ ಒಂದು ಶಾಲೆಗೆ ಹೊಸ ಲೇತ್, ಅಂದರೆ ಕಬ್ಬಿಣ ಕಡೆಯುವ ಯಂತ್ರ, ಬಂತು. ಲಾರಿಯಿಂದ ಇಳಿಸಲು ಊರಿನ ಹದಿನಾಲ್ಕು ಜನ ಬೇಕಾಯಿತು, ಅವರಿಗೆ ಕಾಫಿ ತಿಂಡಿ ನಮ್ಮ ಖರ್ಚು. ಪೂಜೆಯೂ ಆಯಿತು. ಆಮೇಲೆ ನೋಡಿದರೆ ಕಟ್ಟಡಕ್ಕೆ ಅಂಥ ಯಂತ್ರ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟ್ ಇಲ್ಲ. ಲೇತ್ ಕೊಳ್ಳಲು ಮಂಜೂರಾದ ಹಣದಲ್ಲಿ ಲೈನ್ ಎಳೆಸುವಂತಿಲ್ಲ, ಲೈನ್ ಎಳೆಸಲು ಬೇರೆ ಬಾಬ್ತಿನಲ್ಲಿ ಹಣವಿಲ್ಲ. ಎರಡು ಮಳೆಗಾಲ ಅದು ಹಾಗೇ ನಿಂತಿತು. ಮಲೆನಾಡಿನ ಥಂಡಿ ಗೊತ್ತಲ್ಲ, ಬೀರುವಿನೊಳಗಿನ ಚರ್ಮದ ಚಪ್ಪಲಿಗೇ ಬೂಸು ಬರುತ್ತದೆ. ತುಕ್ಕು ಹಿಡಿಯದಿರಲಿ ಅಂತ ವಾರಕ್ಕೊಮ್ಮೆ ಗ್ರೀಸ್ ಸವರುತ್ತಿದ್ದೆ. ಗ್ರೀಸೂ ನನ್ನ ಜೇಬಿನದೇ. ಆ ಎರಡು ವರ್ಷ ಪಾಸಾಗಿ ಹೋದ ಹುಡುಗರ ಮಟ್ಟಿಗೆ ಲೇತ್ ಅಂದರೆ ಗ್ರೀಸ್ ಹಚ್ಚುವ ದೊಡ್ಡ ಕಬ್ಬಿಣ, ಅಷ್ಟೇ.

ಒಂದು ಸಲ ಕೊಡುವ ಹಣ ಸುಲಭವಾಗಿ ಬರುತ್ತದೆ ತಾಯಿ. ಉದ್ಘಾಟನೆ ಇರುತ್ತದೆ, ಫೋಟೋ ಬರುತ್ತದೆ. ತಿಂಗಳು ತಿಂಗಳು ಕೊಡಬೇಕಾದ ಹಣಕ್ಕೆ ಫೋಟೋ ಇಲ್ಲ.

*ಸರ್, ನಾನು ಹೈಸ್ಕೂಲಿನಲ್ಲಿ ವೃತ್ತಿ ತರಬೇತುದಾರೆ. ನೇಮಕ ಏಜೆನ್ಸಿ ಮೂಲಕ. ಐದು ತಿಂಗಳಿಂದ ಸಂಬಳ ಇಲ್ಲ. ಏಜೆನ್ಸಿಯವರು "ಮೇಲಿಂದ ಬಂದಿಲ್ಲ" ಅಂತಾರೆ, ಶಾಲೆಯವರು "ನೀವು ನಮ್ಮ ಸಿಬ್ಬಂದಿ ಅಲ್ಲ" ಅಂತಾರೆ. ನಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಫ್ರೀ ಟಿಕೆಟ್ಟೂ ಇಲ್ಲ. ಯಾರನ್ನು ಕೇಳಲಿ?*
— ಹೆಸರು ಬೇಡ, ಸಾಗರ ತಾಲ್ಲೂಕು

ತಂಗಿ, ನಿನ್ನ ಪತ್ರ ಓದಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಹಣ ನಡೆದು ಬರುವ ದಾರಿ ಮೊದಲು ತಿಳಿದುಕೋ. ಎಲ್ಲಿ ನಿಂತಿದೆ ಅಂತ ಗೊತ್ತಾಗದೆ ಯಾರ ಬಾಗಿಲು ತಟ್ಟುವುದು?

ನಿನ್ನ ಸಂಬಳ ಸಮಗ್ರ ಶಿಕ್ಷಾ ಯೋಜನೆಯದು. 2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕ ಶಿಕ್ಷಾ ಅಭಿಯಾನ, ಶಿಕ್ಷಕರ ತರಬೇತಿ ಮೂರನ್ನೂ ಸೇರಿಸಿ ಮಾಡಿದ್ದು. ನಮ್ಮಂಥ ರಾಜ್ಯಗಳಲ್ಲಿ ನೂರು ರೂಪಾಯಿಗೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ರಾಜ್ಯ ಪ್ರತಿ ವರ್ಷ ತನ್ನ ಯೋಜನೆ ಬರೆದು ದೆಹಲಿಗೆ ಕಳಿಸುತ್ತದೆ, ಅಲ್ಲಿನ ಅನುಮೋದನಾ ಮಂಡಳಿ ಒಂದೊಂದು ಬಾಬ್ತನ್ನೂ ನೋಡಿ ಒಪ್ಪುತ್ತದೆ. ಕೇಂದ್ರ ತನ್ನ ಪಾಲನ್ನು ಕಂತಿನಲ್ಲಿ ಬಿಡುತ್ತದೆ. ಹಿಂದಿನ ಕಂತಿನ ಲೆಕ್ಕ, ಅಂದರೆ ಹಣ ಬಳಸಿದ ಪ್ರಮಾಣಪತ್ರ (ಯು.ಸಿ.), ಹೋಗದಿದ್ದರೆ ಮುಂದಿನದು ತಡ. ರಾಜ್ಯದ ಪಾಲು ಸೇರದಿದ್ದರೂ ತಡ. ಇದಿಷ್ಟೂ ದಾಟಿದ ಮೇಲೆ ಏಜೆನ್ಸಿ ಬಿಲ್ಲು ಹಾಕಬೇಕು, ಬಿಲ್ಲಿಗೆ ನಿನ್ನ ಹಾಜರಾತಿ ದೃಢೀಕರಣ ಬೇಕು, ಅದು ಹೆಡ್ ಮಾಸ್ಟರ ಸಹಿಯಾಗಿ ಹೋಗಬೇಕು. ಸರ್ಕಾರದ ವರ್ಷ ಏಪ್ರಿಲ್‌ನಲ್ಲಿ ಶುರು, ಶಾಲೆಯ ವರ್ಷ ಮೇ ಕೊನೆಗೆ. ಮೊದಲ ಕಂತು ಬರುವಷ್ಟರಲ್ಲಿ ಮಕ್ಕಳಿಗೆ ಒಂದು ಕಿರುಪರೀಕ್ಷೆ ಮುಗಿದಿರುತ್ತದೆ. ಮಾರ್ಚ್ ಕೊನೆಗೆ ಮಾತ್ರ ಖರ್ಚು ಮಾಡಿ, ಖರ್ಚು ಮಾಡಿ ಅಂತ ಫೋನಿನ ಮೇಲೆ ಫೋನು.

ಈಗ ನೀನು ಮಾಡಬೇಕಾದ್ದು. ಪ್ರತಿ ತಿಂಗಳ ಹಾಜರಾತಿ ಪ್ರತಿಗೆ ಹೆಡ್ ಮಾಸ್ಟರ ಸಹಿ, ಸೀಲು ಹಾಕಿಸಿ ಇಟ್ಟುಕೋ. ಮೊಬೈಲಿನಲ್ಲಿ ಫೋಟೋ ಸಾಲದು. ಆಮೇಲೆ ಒಂದು ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಕಷ್ಟ ಸುಖ ಬರೆಯಬೇಡ. ಇಂಥ ಜಿಲ್ಲೆಯ ವೃತ್ತಿ ತರಬೇತುದಾರರ ಗೌರವಧನದ ಬಾಬ್ತಿನಲ್ಲಿ ಏಜೆನ್ಸಿಗೆ ಕೊನೆಯ ಬಾರಿ ಹಣ ಬಿಡುಗಡೆಯಾದ ದಿನಾಂಕ ಯಾವುದು, ಮೊತ್ತ ಎಷ್ಟು, ಯಾವ ತಿಂಗಳಿಗೆ ಸಂಬಂಧಿಸಿದ್ದು. ಇಷ್ಟೇ. ಉತ್ತರ ಬಂದ ದಿನ ಯಾರು ಸುಳ್ಳು ಹೇಳುತ್ತಿದ್ದರು ಅಂತ ಗೊತ್ತಾಗುತ್ತದೆ. ಏಜೆನ್ಸಿಗೆ ಹಣ ಬಂದೂ ನಿನಗೆ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗು. ಗುತ್ತಿಗೆದಾರ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು ಎಂಬುದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇರುವ ಮಾತು. "ನಮ್ಮ ಸಿಬ್ಬಂದಿ ಅಲ್ಲ" ಅಂದುಬಿಟ್ಟರೆ ಮುಗಿಯುವುದಿಲ್ಲ. ಹಾಗೇ ಸಂಬಳದಲ್ಲಿ ಪಿ.ಎಫ್. ಹಿಡಿಯುತ್ತಿದ್ದರೆ ಅದು ಖಾತೆಗೆ ಬೀಳುತ್ತಿದೆಯೇ ಅಂತ ನೋಡಿಕೋ.

ಒಬ್ಬಳೇ ಹೋಗಬೇಡ. ತಾಲ್ಲೂಕಿನಲ್ಲಿ ನಿನ್ನಂಥವರು ಇನ್ನೂ ಇದ್ದಾರೆ, ಅವರದ್ದೂ ಇದೇ ಪಾಡು.

*ನಮ್ಮ ಅಕ್ಕನ ಮೊಮ್ಮಗ ಅಮೆರಿಕದ ಓಹಿಯೋದಲ್ಲಿದ್ದಾನೆ. ಹೈಸ್ಕೂಲಿನಲ್ಲೇ ಅರ್ಧ ದಿನ ವೆಲ್ಡಿಂಗ್ ಕಲಿಯುತ್ತಾನಂತೆ. ಸರ್ಕಾರ ಅದಕ್ಕೆ ದುಡ್ಡು ಹೇಗೆ ಕೊಡುತ್ತದೆ? ನಮ್ಮಲ್ಲಿ ಯಾಕೆ ಆಗುವುದಿಲ್ಲ?*
— ನಿವೃತ್ತ ಅಂಚೆ ನೌಕರರು, ಕೊಪ್ಪ

ಒಳ್ಳೆಯ ಪ್ರಶ್ನೆ ರಾಯರೆ. ಅಲ್ಲಿಯೂ ಕೇಂದ್ರದ ದುಡ್ಡು ಇದೆ. ಪರ್ಕಿನ್ಸ್ ಕಾಯ್ದೆ ಅಂತ, 1984ರದ್ದು, 2018ರಲ್ಲಿ ಹೊಸ ರೂಪ ಪಡೆಯಿತು. ವರ್ಷಕ್ಕೆ ಸುಮಾರು 140 ಕೋಟಿ ಡಾಲರ್. ಕೇಳಲು ದೊಡ್ಡ ಮೊತ್ತ, ಆದರೆ ದೇಶಕ್ಕೆಲ್ಲ ಹಂಚಿದರೆ ಉಪ್ಪಿನಕಾಯಿಯಷ್ಟೆ. ಊಟ ಹಾಕುವುದು ಆಯಾ ರಾಜ್ಯ ಮತ್ತು ಆಯಾ ಊರಿನ ಆಸ್ತಿ ತೆರಿಗೆ.

ಓಹಿಯೋದ ಲೆಕ್ಕ ನನಗೆ ಇಷ್ಟವಾಗುವುದು ಒಂದು ಕಾರಣಕ್ಕೆ. ಅಲ್ಲಿ ವೃತ್ತಿ ವಿಷಯಗಳನ್ನು ಐದು ವರ್ಗ ಮಾಡಿದ್ದಾರೆ. ಮಗು ಯಾವ ವರ್ಗದ ವಿಷಯ ಓದುತ್ತದೋ ಅದರ ಮೇಲೆ ಆ ಮಗುವಿನ ತಲೆಗೆ ರಾಜ್ಯ ಸೇರಿಸಿ ಕೊಡುವ ಹಣ ಹೆಚ್ಚು ಕಡಿಮೆಯಾಗುತ್ತದೆ. ಕೃಷಿ, ಕಟ್ಟಡ ಕೆಲಸ, ಆರೋಗ್ಯ, ಕಾರ್ಖಾನೆ ಕೆಲಸ ಇವು ಮೊದಲ ವರ್ಗ, ಹೆಚ್ಚು ಹಣ. ವೆಲ್ಡಿಂಗ್ ಹುಡುಗ ರಾಡು ಸುಡುತ್ತಾನೆ, ತಗಡು ತೂತು ಮಾಡುತ್ತಾನೆ, ಗ್ಲೌಸು ಹರಿಯುತ್ತಾನೆ. ಪುಸ್ತಕ ಇಟ್ಟುಕೊಂಡು ಓದುವ ಹುಡುಗನಿಗಿಂತ ಅವನ ಖರ್ಚು ಹೆಚ್ಚು ಅಂತ ಸರ್ಕಾರವೇ ಒಪ್ಪಿಕೊಂಡು ಕಾನೂನಿನಲ್ಲಿ ಬರೆದಿಟ್ಟಿದೆ. ಒಂದೊಂದು ಹೈಸ್ಕೂಲಿಗೂ ಒಂದೊಂದು ವರ್ಕ್‌ಶಾಪು ಕಟ್ಟುವುದು ದಂಡ ಅಂತ ಅಕ್ಕಪಕ್ಕದ ಶಾಲೆಗಳು ಸೇರಿ ಒಂದು ವೃತ್ತಿ ಕೇಂದ್ರ ನಡೆಸುತ್ತವೆ. ಅಂಥ ಜಂಟಿ ವ್ಯವಸ್ಥೆ ರಾಜ್ಯದಲ್ಲಿ 49 ಇವೆ. ನಿಮ್ಮ ಮೊಮ್ಮಗ ಅರ್ಧ ದಿನ ಹೋಗುವುದು ಅಂಥದ್ದಕ್ಕೇ ಇರಬೇಕು.

ಇನ್ನೊಂದು ಹಳೇ ಕಥೆ. ಅಮೆರಿಕದ ಕೇಂದ್ರ ಸರ್ಕಾರ ಹೈಸ್ಕೂಲಿನ ವೃತ್ತಿ ಶಿಕ್ಷಣಕ್ಕೆ ಮೊದಲು ಕೈ ಹಾಕಿದ್ದು 1917ರಲ್ಲಿ, ಸ್ಮಿತ್-ಹ್ಯೂಸ್ ಕಾಯ್ದೆಯಿಂದ. ಆ ದುಡ್ಡು ಹೋದದ್ದು ಯಂತ್ರಕ್ಕಲ್ಲ. ಕೃಷಿ, ಕಸುಬು, ಮನೆವಾರ್ತೆ ಕಲಿಸುವ ಮೇಷ್ಟ್ರ ಸಂಬಳಕ್ಕೆ, ಅಂಥ ಮೇಷ್ಟ್ರನ್ನು ತಯಾರು ಮಾಡುವುದಕ್ಕೆ. ಕೇಂದ್ರ ಒಂದು ಡಾಲರ್ ಕೊಟ್ಟರೆ ರಾಜ್ಯವೂ ಒಂದು ಡಾಲರ್ ಹಾಕಬೇಕು. ಮೇಲಿನ ಸಾಗರದ ಹುಡುಗಿಯ ಪತ್ರದ ಪಕ್ಕದಲ್ಲಿ ಇದನ್ನಿಟ್ಟು ಓದಿ. ನಾವು ನೂರು ವರ್ಷ ಆದಮೇಲೂ ಯಂತ್ರವನ್ನು ಸರ್ಕಾರಿ ಆಸ್ತಿ ಮಾಡಿ, ಕಲಿಸುವವಳನ್ನು ಗುತ್ತಿಗೆಗೆ ಬಿಟ್ಟಿದ್ದೇವೆ.

ಅಲ್ಲಿನದ್ದೆಲ್ಲ ಚಿನ್ನ ಅಂತಲ್ಲ. ಆಸ್ತಿ ತೆರಿಗೆ ನೆಚ್ಚಿದ್ದರಿಂದ ಸಿರಿವಂತರ ಊರಿನ ಶಾಲೆಗೆ ಒಂದು ಬಲ, ಬಡವರ ಊರಿಗೆ ಇನ್ನೊಂದು. ಆದರೆ ವಿಷಯಕ್ಕೆ ತಕ್ಕ ಹಣ ಅನ್ನುವುದನ್ನು ಕಲಿಯಲು ವೀಸಾ ಬೇಕಿಲ್ಲ.

*ಎಸ್ಸೆಸ್ಸೆಲ್ಸಿ ಪಾಸಾದೆ, 71 ಪರ್ಸೆಂಟ್. ನನಗೆ ಎಲೆಕ್ಟ್ರಿಷಿಯನ್ ಆಗಬೇಕು. ಅಪ್ಪ ಪಿಯುಸಿ ಸೈನ್ಸ್ ಅಂತಿದ್ದಾರೆ.*
— ಸೊರಬದ ಹುಡುಗ

ತಮ್ಮಾ, ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಹಾಗಾಗಿ ಓದು ನಿಂತುಹೋಗುತ್ತದೆ ಅನ್ನುವ ಅಪ್ಪನ ಹೆದರಿಕೆಗೆ ಉತ್ತರ ಇದೆ, ಸಮಾಧಾನವಾಗಿ ಹೇಳು. ಇನ್ನೊಂದನ್ನೂ ಹೇಳು: ವಿದ್ಯುತ್ ಕಂಪನಿಗಳ ಜೂನಿಯರ್ ಪವರ್‌ಮ್ಯಾನ್ ಕೆಲಸಕ್ಕೆ ನೋಡುವುದು ಎಸ್ಸೆಸ್ಸೆಲ್ಸಿ ಅಂಕ, ಜೊತೆಗೆ ಕಂಬ ಹತ್ತಿ ತೋರಿಸಬೇಕು. ಪಿಯುಸಿಯಲ್ಲಿ ಕಂಬ ಹತ್ತಿಸುವುದಿಲ್ಲ. ಸರ್ಕಾರಿ ಐಟಿಐಗೇ ಮೊದಲು ಅರ್ಜಿ ಹಾಕು, ಫೀಸು ಕಡಿಮೆ. ಗಣಿತ ಬಿಡಬೇಡ.

*ಹಿಂದೆ ಪಿಯುಸಿ ಮಟ್ಟದಲ್ಲಿ ಜೆಒಸಿ (ಜಾಬ್ ಓರಿಯೆಂಟೆಡ್ ಕೋರ್ಸ್) ಇತ್ತಲ್ಲ, ನನ್ನ ತಂಗಿ ಅದನ್ನೇ ಓದಿ ಕೆಲಸ ಹಿಡಿದಳು. ಅಂಥದ್ದನ್ನು ಯಾಕೆ ಮುಚ್ಚಿದರು?*
— ಹಳೇ ಕಾರ್ಮಿಕ, ಭದ್ರಾವತಿ

ನೀವು ನಮ್ಮಪ್ಪನ ಊರಿನವರು, ಸುಮ್ಮನೆ ಸಮಾಧಾನದ ಮಾತು ಹೇಳಲಾರೆ. ಕರ್ನಾಟಕದಲ್ಲಿ ಜೆಒಸಿ ಶುರುವಾದದ್ದು 1977-78ರಲ್ಲಿ, ಎಸ್ಸೆಸ್ಸೆಲ್ಸಿ ನಂತರ ಎರಡು ವರ್ಷ. ಆ ಹೊತ್ತಿಗೆ ದೇಶದಲ್ಲಿ ಮುಂದಿದ್ದ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೆ ಕಲಿಸುವವರಲ್ಲಿ ಹೆಚ್ಚಿನವರನ್ನು ಅರೆಕಾಲಿಕ ಅಂತಲೇ ಇಟ್ಟರು. ಇಪ್ಪತ್ತು ವರ್ಷ ಕಲಿಸಿದವರೂ ಅರೆಕಾಲಿಕ! ಕೊನೆಗೆ ಕೋರ್ಸ್ ನಿಂತಿತು, 2011ರಲ್ಲಿ ಆ ನೌಕರರನ್ನು ಬೇರೆ ಇಲಾಖೆಗಳಿಗೆ ಸೇರಿಸಿಕೊಳ್ಳಲು ಒಂದು ಕಾಯ್ದೆಯನ್ನೇ ಮಾಡಬೇಕಾಯಿತು. ಗಡಿಯಾರ ರಿಪೇರಿ ಕಲಿಸುತ್ತಿದ್ದವರು ಕಚೇರಿಯಲ್ಲಿ ಟಪಾಲು ಬರೆಯುವಂತಾದರೆ ಆ ವಿದ್ಯೆ ಎಲ್ಲಿ ಉಳಿಯುತ್ತದೆ?

ಗುರಿಗಳಿಗೆ ಮಾತ್ರ ಯಾವತ್ತೂ ಬರ ಇರಲಿಲ್ಲ. ಕೊಠಾರಿ ಆಯೋಗ ಅರವತ್ತರ ದಶಕದಲ್ಲೇ ಹೇಳಿತು. 1986ರ ನೀತಿ, 1990ರೊಳಗೆ ಹತ್ತು ಪರ್ಸೆಂಟ್ ಮಕ್ಕಳು, 1995ರೊಳಗೆ ಇಪ್ಪತ್ತೈದು ಪರ್ಸೆಂಟ್ ವೃತ್ತಿ ಓದಿಗೆ ಅಂತ ಬರೆಯಿತು. 1992ರಲ್ಲಿ ನೀತಿ ತಿದ್ದಿದರು. ಶೇಕಡಾವಾರು ಅಷ್ಟೇ ಇತ್ತು, ಗಡುವು ಮಾತ್ರ ಐದೈದು ವರ್ಷ ಮುಂದಕ್ಕೆ ಹೋಗಿತ್ತು. 2020ರ ನೀತಿ 2025ಕ್ಕೆ ಐವತ್ತು ಪರ್ಸೆಂಟ್ ಮಕ್ಕಳಿಗೆ ಅಂದಿತು. ನಮ್ಮ ವರ್ಕ್‌ಶಾಪಿನಲ್ಲಿ ಹುಡುಗ ಅಳತೆ ತಪ್ಪಿಸಿದರೆ ಜಾಬ್, ಅಂದರೆ ಅವನು ಉಜ್ಜಿದ ತುಂಡನ್ನು, ವಾಪಸ್ ಕೊಟ್ಟು ಮತ್ತೆ ಉಜ್ಜಿಸುತ್ತಿದ್ದೆ. ಡ್ರಾಯಿಂಗಿನಲ್ಲಿ ಬರೆದ ಅಳತೆಯನ್ನೇ ಅಳಿಸಿ ದೊಡ್ಡದು ಬರೆಯುವ ಉಪಾಯ ಯಾವ ಹುಡುಗನಿಗೂ ಹೊಳೆದಿರಲಿಲ್ಲ.

*ಮೇಷ್ಟ್ರೆ, ಮರ ಹತ್ತಿ ಅಡಿಕೆ ಕೊನೆ ತೆಗೆಯುವವರೇ ಸಿಗುತ್ತಿಲ್ಲ. ನಮ್ಮ ಹೈಸ್ಕೂಲಿನಲ್ಲಿ ರೀಟೇಲ್ ಅಂತೆ, ಬ್ಯೂಟಿ ಅಂತೆ. ಅಡಿಕೆ ಕೆಲಸ ಕಲಿಸಬಾರದಾ?*
— ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ನಮ್ಮ ಮನೆಯ ಕಷ್ಟವನ್ನೇ ನೀವು ಬರೆದಿದ್ದೀರಿ ಮಾರಾಯ್ರೆ. ಹೋದ ಸಲ ನನ್ನ ತೋಟದ ಕೊನೆಗಾರ ಬಂದದ್ದು ಹದಿನೆಂಟು ದಿನ ತಡವಾಗಿ. ಅಷ್ಟರಲ್ಲಿ ಅರ್ಧ ಹಣ್ಣಾಗಿ, ಹಣ್ಣಡಿಕೆ ಒಣಗಿಸಿ ಮಾಡುವ ಚಾಲಿಯೇ ಗತಿ ಎಂಬಂತಾಯಿತು.

ಆದರೆ ಹೈಸ್ಕೂಲ್ ಮಕ್ಕಳನ್ನು ಮರ ಹತ್ತಿಸುವ ಮಾತು ಬೇಡ. ಹದಿನೆಂಟು ತುಂಬದವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ, ಹಚ್ಚಲೂಬಾರದು. ಮರ ಹತ್ತುವುದು ಬಿಟ್ಟರೂ ಅಡಿಕೆಯಲ್ಲಿ ಕಲಿಯಲು ಬೇಕಾದಷ್ಟಿದೆ. ತೋಟಕ್ಕೆ ಹೊಡೆಯುವ ಒಂದು ಪರ್ಸೆಂಟ್ ಬೋರ್ಡೊ ದ್ರಾವಣಕ್ಕೆ ನೂರು ಲೀಟರ್ ನೀರು, ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಸುಣ್ಣ ಕಮ್ಮಿಯಾಯಿತೋ ಇಲ್ಲವೋ ಅಂತ ಚಾಕು ಅದ್ದಿ ನೋಡುತ್ತೇವಲ್ಲ, ತಾಮ್ರ ಹತ್ತಿದರೆ ಇನ್ನೂ ಸುಣ್ಣ ಬೇಕು ಅಂತ. ಅದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರದ ಪಾಠ ಯಾವ ಪುಸ್ತಕದಲ್ಲಿದೆ? ನೆಲದಲ್ಲೇ ನಿಂತು ಕೊನೆ ಕೊಯ್ಯುವ ಫೈಬರ್ ದೋಟಿ ಹಿಡಿಯುವುದು, ಸ್ಪ್ರೇ ಪಂಪಿನ ವಾಷರ್ ಬದಲಿಸುವುದು, ಸುಲಿಯುವ ಮಷೀನಿನ ಬೆಲ್ಟು, ಬೇರಿಂಗು, ಕಳೆ ಕೊಚ್ಚುವ ಮಷೀನಿನ ಕಾರ್ಬರೇಟರ್. ಇವನ್ನೆಲ್ಲ ರಿಪೇರಿ ಮಾಡಬಲ್ಲ ಹುಡುಗ ಒಂದು ಹೋಬಳಿಗೆ ಒಬ್ಬನಿದ್ದರೆ ಅವನಿಗೆ ಬಿಡುವೇ ಸಿಗುವುದಿಲ್ಲ.

ಅಡ್ಡಿ ಏನೆಂದರೆ, ಶಾಲೆಯ ವೃತ್ತಿ ವಿಷಯಗಳು "ಜಾಬ್ ರೋಲ್" ಅಂತ ಮೇಲೆ ತಯಾರಾಗುವ ಪಟ್ಟಿಯಿಂದ ಬರುತ್ತವೆ. ಪಠ್ಯ ಬರೆಯುವುದು ಭೋಪಾಲಿನಲ್ಲಿರುವ ಕೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ. ಭೋಪಾಲಿನಲ್ಲಿ ಕೂತವರಿಗೆ ಗೊರಬಲು ಎಂಬ ಅಡಿಕೆ ದರ್ಜೆ ಅಂದರೇನು ಅಂತ ಗೊತ್ತಿರಬೇಕು ಅಂತ ನಾವು ಹಟ ಹಿಡಿಯುವಂತಿಲ್ಲ. ಆದರೆ ಯಾವ ಶಾಲೆಗೆ ಯಾವ ವಿಷಯ ಅಂತ ರಾಜ್ಯ ತನ್ನ ವಾರ್ಷಿಕ ಯೋಜನೆಯಲ್ಲಿ ಬರೆಯುತ್ತದಲ್ಲ, ಕೃಷಿ ಅನ್ನುವ ವಿಭಾಗವೇ ಆ ಪಟ್ಟಿಯಲ್ಲಿದೆ. ನಿಮ್ಮ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ನಮಗೆ ರೀಟೇಲ್ ಬೇಡ, ಕೃಷಿ ಕೊಡಿ ಅಂತ ನಡವಳಿ ಬರೆದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಬೇಕು. ಅದನ್ನು ಮುಂದಿನ ವರ್ಷದ ಯೋಜನೆ ಬರೆಯುವ ಮುಂಚೆ, ಡಿಸೆಂಬರಿನೊಳಗೆ ಕೊಡಿ. ಜೂನಿನಲ್ಲಿ ಕೊಟ್ಟರೆ ಕಡತದಲ್ಲಿ ಕೂರುತ್ತದೆ. ಬರೆಯುವಾಗ ಕಚ್ಚಾ ಸಾಮಗ್ರಿಯ ಹಣವನ್ನು ಮರೆಯದೆ ಕೇಳಿ. ಯೋಜನೆಯಲ್ಲಿ ಅದಕ್ಕೂ ಒಂದು ಬಾಬ್ತು ಇದೆ, ಕೇಳುವವರು ಕಡಿಮೆ.

ಅಲ್ಲಿಯವರೆಗೆ ಒಂದು ಉಪಕಾರ ಮಾಡಿ. ಕೊಟ್ಟಿಗೆಯ ಮೂಲೆಯಲ್ಲಿ ಕೆಟ್ಟು ಬಿದ್ದ ಕಳೆ ಮಷೀನು, ಪಂಪು ಇದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಹತ್ತಿರದ ಹೈಸ್ಕೂಲಿಗೆ ಕೊಡಿ, ಮಕ್ಕಳಿಗೆ ಬಿಚ್ಚಲು ಬೇಕು. ಟ್ಯಾಂಕಿನ ಪೆಟ್ರೋಲ್ ಮಾತ್ರ ಪೂರ್ತಿ ಖಾಲಿ ಮಾಡಿ ಕೊಡಿ.